ಮಣ್ಣಿಲ್ದಿದ್ರೆ ರೋಗಾನೂ ಇರಲ್ವಂತೆ!

ನಮ್ಮನೆ ತಾರಸಿ ಮೇಲೆ ನಲವತ್ತು ಜಿಲೇಬಿ ಮೀನುಗಳಿವೆ. ತಿಲಾಪಿಯ ಅಂದ್ರೆ ನಿಮಗೆ ಬೇಗ ಗೊತ್ತಾಗಬಹುದು, ಆದ್ರೆ ಜಿಲೇಬಿ ಅಂತ ಕರೆಯೋದ್ರಲ್ಲಿ ಒಂದು ಸುಖ ಇದೆ. ಸಾವಿರ ಲೀಟರಿನ ಟ್ಯಾಂಕು, ಒಂದು ಪಂಪು, ಎರಡು ಡ್ರಮ್ಮು, ಅದರಾಚೆ ತೇಲೋ ಹಲಗೆಗಳ ತೂತಿನಲ್ಲಿ ಕೂತಿರೋ ಲೆಟಿಸು, ಬೇಸಿಲ್, ಕೇಲ್. ಮೀನು ತಿಂದು ಗಲೀಜು ಮಾಡತ್ತೆ, ಆ ನೀರು ಗಿಡದ ಬೇರಿಗೆ ಹೋಗತ್ತೆ, ಗಿಡ ತನಗೆ ಬೇಕಾದ್ದು ಹೀರಿಕೊಂಡು ನೀರನ್ನ ಮೀನಿಗೆ ವಾಪಸ್ ಕೊಡತ್ತೆ. ಇದೇ ಅಕ್ವಾಪೋನಿಕ್ಸ್. ನಾವು ಮೀನು ತಿನ್ನಲ್ಲ. ದೊಡ್ಡವಾದವು ಕೆಳಗಿನ ಮನೆಯವರ ಪಾಲು. ಸೊಪ್ಪು ನಮ್ಮ ಪಾಲು.

ಇದನ್ನ ಮಾರಿದ ಕಂಪನಿಯ ಹುಡುಗ ಡೆಮೊ ದಿನ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸರ್, ಮಣ್ಣೇ ಇಲ್ಲ ಅಂದ್ಮೇಲೆ ರೋಗ ಎಲ್ಲಿಂದ ಬರತ್ತೆ?" ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ಕೊಂಡು, ಊರವರ ಕೋಡಿನಲ್ಲೆಲ್ಲ ಬಗ್ ಹುಡುಕ್ಕೊಂಡು ಬಂದಿರೋ ನಾನು, ಆ ಒಂದು ವಾಕ್ಯವನ್ನ ಟೆಸ್ಟ್ ಮಾಡದೆ ದುಡ್ಡು ಕೊಟ್ಟೆ. ಬ್ರೋಷರ್‌ನಲ್ಲೂ ಅದೇ ಇತ್ತು. ಮಣ್ಣಿಲ್ಲ, ರಾಸಾಯನಿಕ ಇಲ್ಲ, ರೋಗ ಇಲ್ಲ. ಮೂರು 'ಇಲ್ಲ'ಗಳ ಪಕ್ಕ ಮೂರು ಹಸಿರು ಟಿಕ್ ಮಾರ್ಕು.

ಮೊದಲನೇದು ನಿಜ. ಉಳಿದೆರಡರ ಬಗ್ಗೆ ಈ ಜಗಳ.

ಮೊದಲ ಬೇಸಿಗೆ ಚೆನ್ನಾಗೇ ಹೋಯ್ತು. ಆಫೀಸಿನಲ್ಲಿ ಡಬ್ಬಿ ತೆಗೆದು ಲೆಟಿಸ್ ತೋರಿಸಿದ್ದೇ ತೋರಿಸಿದ್ದು. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದು ಹತ್ತು ದಿನ ಬಿಸಿಲೇ ಕಾಣಲಿಲ್ಲ ನೋಡಿ, ಆವಾಗ ಶುರುವಾಯ್ತು. ಬೇಸಿಲ್ ಎಲೆ ಮೇಲೆ ಒದ್ದೆ ಒದ್ದೆ ಕಪ್ಪು ಕಲೆ. ಯಾರೋ ಎಣ್ಣೆ ಕೈಯಲ್ಲಿ ಮುಟ್ಟಿದ ಹಾಗೆ. ಮೂರನೇ ದಿನಕ್ಕೆ ಲೆಟಿಸ್‌ನ ಹೊರಗಿನ ಎಲೆಗಳಿಗೆ ಚುಕ್ಕೆ. ಒಂದು ವಾರಕ್ಕೆ ಕೇಲ್ ಎಲೆಯ ಅಂಚಿನಿಂದ ಒಳಗೆ, ಪಿಜ್ಜಾ ತುಂಡಿನ ಆಕಾರದಲ್ಲಿ ಹಳದಿ.

ಕಂಪನಿಯ ಸಪೋರ್ಟ್ ನಂಬರಿಗೆ ಫೋಟೋ ಕಳಿಸಿದೆ. "ಐರನ್ ಡಿಫಿಷಿಯೆನ್ಸಿ ಸರ್, ಕೀಲೇಟೆಡ್ ಐರನ್ ಹಾಕಿ" ಅಂದ್ರು. ಅದನ್ನೂ ಅವರೇ ಮಾರ್ತಾರೆ. ಎರಡು ವಾರ ಹಾಕಿದೆ. ಅಷ್ಟರಲ್ಲಿ ಅರ್ಧ ಹಲಗೆ ಹೋಗಿತ್ತು.

ಇಲ್ಲೊಂದು ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಇದು ಗೊತ್ತಿದ್ದಿದ್ರೆ ನನ್ನ ಎರಡು ವಾರ ಉಳೀತಿತ್ತು. ಮೀನಿನ ಮೇವಿನಲ್ಲಿ ಗಿಡಕ್ಕೆ ಬೇಕಾದಷ್ಟು ಕಬ್ಬಿಣ ಇರಲ್ಲ, ಅದು ನಿಜ. ಹಾಗಾಗಿ ಕಬ್ಬಿಣದ ಕೊರತೆ ಅಕ್ವಾಪೋನಿಕ್ಸ್‌ನಲ್ಲಿ ಮಾಮೂಲು. ಆದ್ರೆ ಅದು ಬಂದ್ರೆ ಹೊಸ ಎಳೆ ಎಲೆ ಹಳದಿಯಾಗತ್ತೆ, ನರ ಮಾತ್ರ ಹಸಿರಾಗೇ ಇರತ್ತೆ. ಒದ್ದೆ ಚುಕ್ಕೆ ಇರಲ್ಲ. ಕ್ಯಾಲ್ಸಿಯಂ ಕಮ್ಮಿ ಆದ್ರೆ ಲೆಟಿಸ್‌ನ ಒಳಗಿನ ಎಲೆಗಳ ತುದಿ ಸುಟ್ಟ ಹಾಗೆ ಕಂದಾಗತ್ತೆ. ಬ್ಯಾಕ್ಟೀರಿಯ ಬಂದ್ರೆ ಮೊದಲು ನೀರು ಕುಡಿದ ಹಾಗಿರೋ ಚುಕ್ಕೆ. ಎಲೆಯನ್ನ ಬೆಳಕಿಗೆ ಹಿಡಿದ್ರೆ ಎಣ್ಣೆ ಕಾಗದದ ಥರ ಅಲ್ಲಿ ಬೆಳಕು ಹಾದು ಬರತ್ತೆ. ಎಷ್ಟೋ ಸಲ ಚುಕ್ಕೆ ದುಂಡಗಿರಲ್ಲ. ಎಲೆಯ ನರಗಳು ಗೋಡೆ ಥರ ಅಡ್ಡ ಬರೋದ್ರಿಂದ ಮೂಲೆ ಮೂಲೆಯಾಗಿರತ್ತೆ. ಆಮೇಲೆ ಕಂದು, ಕಪ್ಪು, ಕೆಲವು ಸಲ ಸುತ್ತ ಹಳದಿ ಉಂಗುರ. ಇದನ್ನ ಫೋಟೋದಲ್ಲಿ ನೋಡಿ ಐರನ್ ಅಂತ ಹೇಳಬೇಕಾದ್ರೆ ಒಂದೋ ಕಣ್ಣಿರಬಾರದು, ಇಲ್ಲಾ ಐರನ್ ಮಾರೋ ಟಾರ್ಗೆಟ್ ಇರಬೇಕು.

ಸಸ್ಯರೋಗದ ಬಗ್ಗೆ ಓದಿಕೊಂಡಿರೋ ಒಬ್ಬಳು ಗೆಳತಿ ಇದ್ದಾಳೆ. ಅವಳ ಹತ್ರ ಎಲೆ ತಗೊಂಡು ಹೋದೆ. ಚುಕ್ಕೆಯ ಅಂಚನ್ನ ಬ್ಲೇಡಿನಲ್ಲಿ ಸಣ್ಣಗೆ ಕತ್ತರಿಸಿ, ಗಾಜಿನ ಮೇಲೆ ಒಂದು ಹನಿ ನೀರಲ್ಲಿಟ್ಟು, ಮೈಕ್ರೋಸ್ಕೋಪ್ ಕೆಳಗೆ ತೋರಿಸಿದಳು. ಕತ್ತರಿಸಿದ ಅಂಚಿನಿಂದ ಊದುಬತ್ತಿ ಹೊಗೆ ಥರ ಏನೋ ನೀರಿಗೆ ಹರೀತಾ ಇತ್ತು. "ಅದೆಲ್ಲ ಬ್ಯಾಕ್ಟೀರಿಯ ಕಣೋ. ಯಾವುದು ಅಂತ ಹೆಸರು ಹೇಳಕ್ಕೆ ಲ್ಯಾಬ್ ಟೆಸ್ಟ್ ಬೇಕು. ಬೇಸಿಲ್‌ನಲ್ಲಿರೋದು ಸೂಡೊಮೊನಾಸ್ ಜಾತಿ, ಕೇಲ್‌ನಲ್ಲಿರೋದು ಝಾಂಥೊಮೊನಾಸ್ ಇರಬಹುದು. ಆದ್ರೆ ಬ್ಯಾಕ್ಟೀರಿಯ ಅನ್ನಕ್ಕೆ ಇಷ್ಟು ಸಾಕು" ಅಂದಳು. ಐದು ನಿಮಿಷದ ಕೆಲಸ.

ಮಣ್ಣಿಲ್ಲದ ಜಾಗಕ್ಕೆ ಹೇಗೆ ಬಂತು? ನಾನೂ ಅದನ್ನೇ ಕೇಳಿದೆ. ಅವಳು ನಕ್ಕಳು. ಎಲೆಯ ಈ ರೋಗಗಳಿಗೆ ಮಣ್ಣಿನ ಹಂಗೇ ಬೇಕಾಗಿಲ್ಲ. ಲೆಟಿಸ್‌ನ ಝಾಂಥೊಮೊನಾಸ್ ಬೀಜದ ಮೇಲೆ ಕೂತು ಬರಬಹುದು. ಕೇಲು, ಎಲೆಕೋಸಿನ ಕಪ್ಪು ಕೊಳೆ ರೋಗ ಕೂಡ ಬೀಜದಲ್ಲೇ ಬರತ್ತೆ. ನರ್ಸರಿಯಿಂದ ತಂದ ಸಸಿಯಲ್ಲಿ ಬರತ್ತೆ. ಬಂದಮೇಲೆ ಅದಕ್ಕೆ ಬೇಕಾಗಿರೋದು ಒದ್ದೆ ಎಲೆ, ಗಾಳಿಯಾಡದ ಜಾಗ, ಬೆಂಗಳೂರಿನ ಮಳೆಗಾಲದ ಬೆಚ್ಚಗಿನ ತೇವ. ಎಲೆ ಉಸಿರಾಡೋ ಸಣ್ಣ ತೂತುಗಳಿಂದ, ಗಾಯಗಳಿಂದ ಒಳಗೆ ಹೋಗತ್ತೆ. ಇನ್ನೊಂದು ಬಾಗಿಲಿದೆ, ಅದು ಕೇಳಿ ನನಗೆ ನಿಜಕ್ಕೂ ಬೇಜಾರಾಯ್ತು. ಬೆಳಗಿನ ಜಾವ ಎಲೆಯ ಅಂಚಿನಲ್ಲಿ ಮುತ್ತು ಪೋಣಿಸಿದ ಹಾಗೆ ನೀರಿನ ಹನಿ ನಿಂತಿರತ್ತಲ್ಲ, ನಾನು ಅದರ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕ್ತಿದ್ದೆ, ಅದು ಇಬ್ಬನಿ ಅಲ್ಲ. ಬೇರಿಗೆ ಬೇಕಾದಷ್ಟು ನೀರಿದ್ದು ಗಾಳಿಯಲ್ಲಿ ತೇವ ತುಂಬಿದ್ರೆ ಗಿಡವೇ ಅಂಚಿನ ತೂತುಗಳಿಂದ ನೀರು ಹೊರಗೆ ಹಾಕತ್ತೆ. ಆ ಹನಿಯಲ್ಲಿ ಬ್ಯಾಕ್ಟೀರಿಯ ಈಜಿ, ಹನಿ ಎಲೆಯೊಳಕ್ಕೆ ವಾಪಸ್ ಎಳೆದುಕೊಂಡಾಗ ಜತೆಗೇ ಒಳಗೆ ಹೋಗತ್ತೆ. ಕೇಲ್‌ನ ಪಿಜ್ಜಾ ತುಂಡು ಅಂಚಿನಿಂದಲೇ ಶುರುವಾಗೋದು ಅದಕ್ಕೆ. ಇಪ್ಪತ್ನಾಲ್ಕು ಗಂಟೆ ಬೇರನ್ನ ನೀರಲ್ಲಿ ಅದ್ದಿಟ್ಟಿರೋ ನಮ್ಮ ಸಿಸ್ಟಮ್ಮು ಈ ಬಾಗಿಲನ್ನ ತೆಗೆದೇ ಇಟ್ಟಿರತ್ತೆ.

ಉಳಿದ ಡೆಲಿವರಿ ಕೆಲಸ ನಾನೇ ಮಾಡಿದ್ದೆ. ಮಳೆ ನಿಂತ ತಕ್ಷಣ ಮೇಲೆ ಹೋಗಿ, ಒದ್ದೆ ಎಲೆಗಳ ಮಧ್ಯೆ ಕೈಯಾಡಿಸಿ, ಒಂದೇ ಕತ್ತರಿಯಲ್ಲಿ ಈ ಗಿಡ ಆ ಗಿಡ ಅಂತ ಕತ್ತರಿಸ್ಕೊಂಡು ಬಂದಿದ್ದೆ.

ಈಗ ಅಸಲು ವಿಷಯಕ್ಕೆ ಬರ್ತೀನಿ.

ತಾರಸಿ ಬೆಳೆಗಾರರ ಒಂದು ವಾಟ್ಸಾಪ್ ಗುಂಪಿನಲ್ಲಿದ್ದೀನಿ. ಚುಕ್ಕೆಯ ಫೋಟೋ ಹಾಕಿದೆ. ಮೊದಲು ಬೇವಿನೆಣ್ಣೆ ಬಂತು. ಬೇವಿನೆಣ್ಣೆ ಹುಳಕ್ಕೆ, ಬ್ಯಾಕ್ಟೀರಿಯಕ್ಕಲ್ಲ. ಮೇಲಾಗಿ ಅದು ಟ್ಯಾಂಕಿಗೆ ಬಿದ್ರೆ ಮೀನಿಗೂ ಒಳ್ಳೇದಲ್ಲ. ಆಮೇಲೆ ಮಜ್ಜಿಗೆ ಬಂತು, ಅರಿಶಿನ ಬಂತು. ಕೊನೆಗೆ, ರಾತ್ರಿ ಹನ್ನೊಂದರ ಮೇಲೆ, ಪರ್ಸನಲ್ ಮೆಸೇಜು ಬಂತು. ಕಳಿಸಿದವರು ಊರಾಚೆ ದೊಡ್ಡದಾಗಿ ಪಾಲಿಹೌಸ್ ಮಾಡಿಕೊಂಡು ಸೊಪ್ಪು ಮಾರೋರು. "ಗುಂಪಲ್ಲಿ ಹೇಳಕ್ಕಾಗಲ್ಲ. ಗೊಬ್ಬರದ ಅಂಗಡೀಲಿ ಪುಡಿ ಸಿಗತ್ತೆ, ಆರು ಗ್ರಾಂ ಪೊಟ್ಟಣ. ನಾವೆಲ್ಲ ಅದೇ ಹಾಕೋದು. ಎಲೆಗೂ ಹೊಡೀರಿ, ಒಂಚೂರು ನೀರಿಗೂ ಹಾಕಿ." ಕೊನೆಯಲ್ಲಿ ಕಣ್ಣು ಹೊಡೆಯೋ ಇಮೋಜಿ.

ಹೋಗಿ ತಂದೆ. ಯಾರೂ ಏನೂ ಕೇಳಲಿಲ್ಲ.

ಪೊಟ್ಟಣ ಊಟದ ಟೇಬಲ್ ಮೇಲಿತ್ತು. ಅಮ್ಮ ಕನ್ನಡಕ ಹಾಕ್ಕೊಂಡು ಓದಿದ್ರು. "ಸ್ಟ್ರೆಪ್ಟೊಮೈಸಿನ್... ಇದು ನಮ್ಮಪ್ಪಂಗೆ ಕೊಡ್ತಿದ್ದ ಇಂಜೆಕ್ಷನ್ ಅಲ್ವೇನೋ?"

ಹೌದು, ಅದೇ. 1968ರಲ್ಲಿ ನಮ್ಮ ತಾತನಿಗೆ ಟಿಬಿ ಬಂದಿತ್ತು. ಅಮ್ಮ ಆಗ ಮೂರನೇ ಕ್ಲಾಸು. ದಿನಾ ಒಂದರಂತೆ ಮೂರು ತಿಂಗಳು ಇಂಜೆಕ್ಷನ್. ಕಾಂಪೌಂಡರ್ ಸೈಕಲ್ಲಿನಲ್ಲಿ ಬಂದು ಕೊಟ್ಟು ಹೋಗ್ತಿದ್ದರಂತೆ, ಅವರು ಬರೋ ಹೊತ್ತಿಗೆ ಸೂಜಿ ಕುದಿಸೋಕೆ ಬಿಸಿನೀರು ಇಡೋದು ಅಮ್ಮನ ಕೆಲಸ. ತಾತ ಬದುಕಿದರು. ಆಮೇಲೆ ಮೂವತ್ತು ವರ್ಷ ಇದ್ದರು. 1943ರಲ್ಲಿ ಕಂಡುಹಿಡಿದ ಈ ಸ್ಟ್ರೆಪ್ಟೊಮೈಸಿನ್ ಟಿಬಿಗೆ ಕೆಲಸ ಮಾಡಿದ ಮೊದಲ ಆಂಟಿಬಯೋಟಿಕ್. ನನ್ನ ಕೈಲಿದ್ದ ಪುಡಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅದು, ಇನ್ನೊಂದು ಪಾಲು ಟೆಟ್ರಾಸೈಕ್ಲಿನ್. ಅದನ್ನ ನಾನು ಲೆಟಿಸ್‌ಗೆ ಹೊಡೆಯೋಕೆ ಹೊರಟಿದ್ದೆ, ಚುಕ್ಕೆ ಚೆನ್ನಾಗಿ ಕಾಣಲ್ಲ ಅಂತ.

ಅದೇ ವಾರ ಸೋದರಮಾವ ಕಣ್ಣು ತೋರಿಸೋಕೆ ಹೊಸದುರ್ಗದಿಂದ ಬಂದಿದ್ದರು. ದಾಳಿಂಬೆ ಬೆಳೀತಿದ್ದೋರು. ತಾರಸಿ ಹತ್ತಿಸಿದೆ. ಮೀನು ನೋಡಿ ಖುಷಿಪಟ್ಟರು. ಎಲೆ ಕಿತ್ತು ಬಿಸಿಲಿಗೆ ಹಿಡಿದು ಸುಮ್ಮನಾದರು.

"ಏನೋ ಇದು, ನಮ್ ತ್ವಾಟದ್ ದುಂಡಾಣು ನಿಮ್ ಬೆಂಗ್ಳೂರ್ ಮಾಳಿಗೆ ಮ್ಯಾಲೂ ಬಂದೈತಲ್ಲೋ?"

ಪೊಟ್ಟಣ ತೋರಿಸಿದೆ. ಅವರಿಗೆ ಓದೋ ಅಗತ್ಯ ಇರಲಿಲ್ಲ, ಬಣ್ಣ ನೋಡೇ ಗೊತ್ತಾಯ್ತು. ದಾಳಿಂಬೆಯ ದುಂಡಾಣು ಅಂಗಮಾರಿ ಗೊತ್ತಲ್ಲ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ಚಿತ್ರದುರ್ಗ, ಎಲ್ಲ ಕಡೆ ತೋಟಗಳನ್ನ ಮಲಗಿಸಿದ ರೋಗ. ಅದೂ ಝಾಂಥೊಮೊನಾಸ್ ಕುಲದ್ದೇ. ಕಾಯಿ ಮೇಲೆ ಎಣ್ಣೆ ಚುಕ್ಕೆ, ಆಮೇಲೆ ನಕ್ಷತ್ರದ ಹಾಗೆ ಬಿರುಕು. ಮಾವ ಈ ಪುಡಿಯನ್ನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊಡೀತಿದ್ದರಂತೆ. "ಮೊದ್ಲೆರಡು ವರ್ಷ ಹಿಡೀತಪ್ಪ. ಆಮ್ಯಾಲೆ ಎರಡು ಪಟ್ಟು ಮಾಡಿದ್ವಿ. ಆಮ್ಯಾಲೆ ನಾವು ಹೊಡ್ದಿದ್ದು ನೀರೋ ಔಷಧೀನೋ ಅಂತ ಅದಕ್ಕೂ ಗೊತ್ತಾಗ್ತಿರ್ಲಿಲ್ಲ. ಗಿಡ ಕಿತ್ತು ಹಾಕ್ದೆ."

ಅಮ್ಮ ಮಧ್ಯೆ ಬಂದು ಕೇಳಿದ್ರು, "ಅಪ್ಪಂಗೆ ಕೊಟ್ಟ ಔಷಧಿ ಇದು ಅಂತ ನಿಂಗ್ ಗೊತ್ತಿತ್ತೇನೋ?"

"ಇಲ್ಲಕ್ಕ" ಅಂದರು ಮಾವ. "ಯಾರೂ ಹೇಳ್ಲಿಲ್ಲ."

ಮಾವನ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೂರು ಎಕರೆ ಸಾಲ ಮಾಡಿ ಹಾಕಿದ ತೋಟ, ಅವರಿಗೆ ಸಿಕ್ಕಿದ ಸಲಹೆ ಅಂಗಡಿಯವನದ್ದು. ನನ್ನ ಸಿಟ್ಟು 'ರಾಸಾಯನಿಕ ಇಲ್ಲ' ಅಂತ ಹಸಿರು ಟಿಕ್ ಹಾಕಿ, ಮಾವ ಹೊಡೀತಿದ್ದ ಅದೇ ಪುಡಿಯನ್ನ ರಾತ್ರಿ ಪರ್ಸನಲ್ ಮೆಸೇಜಿನಲ್ಲಿ ಹಂಚಿಕೊಳ್ಳೋ ನಮ್ಮಂಥ ಓದಿದವರ ಮೇಲೆ. ಇಂಗ್ಲಿಷು ಬರತ್ತೆ, ಇಂಟರ್ನೆಟ್ ಇದೆ, ಲೇಬಲ್ ಓದೋಕೆ ಬರತ್ತೆ.

ಯಾಕೆ ಇದು ಬೇರೆ ಕಡೆಗಿಂತ ಅಕ್ವಾಪೋನಿಕ್ಸ್‌ನಲ್ಲಿ ಹೆಚ್ಚು ಮೂರ್ಖತನ ಅಂತ ಹೇಳ್ತೀನಿ. ಈ ಇಡೀ ಸಿಸ್ಟಮ್ ನಡೀತಿರೋದೇ ಬ್ಯಾಕ್ಟೀರಿಯದ ಮೇಲೆ. ಮೀನಿನ ಗಲೀಜಿನಲ್ಲಿ ಅಮೋನಿಯ ಇರತ್ತೆ, ಅದು ಮೀನಿಗೇ ವಿಷ. ನೈಟ್ರೊಸೊಮೊನಾಸ್ ಥರದವು ಅದನ್ನ ನೈಟ್ರೈಟ್ ಮಾಡ್ತವೆ, ನೈಟ್ರೊಬ್ಯಾಕ್ಟರ್, ನೈಟ್ರೊಸ್ಪೈರ ಥರದವು ಅದನ್ನ ನೈಟ್ರೇಟ್ ಮಾಡ್ತವೆ, ಅದೇ ಗಿಡದ ಊಟ. ಆ ಬ್ಯಾಕ್ಟೀರಿಯಗಳ ಸಂಸಾರ ಸರಿಯಾಗಿ ಕೂರೋಕೆ ನಾನು ಒಂದೂವರೆ ತಿಂಗಳು ಕಾದಿದ್ದೆ. ಈಗ ನೋಡಿ, ಎಲೆ ಕೊಳೆಸೋ ಝಾಂಥೊಮೊನಾಸ್, ಸೂಡೊಮೊನಾಸ್ ಗ್ರಾಮ್ ನೆಗೆಟಿವ್. ಅಮೋನಿಯ ತಿನ್ನೋ ನೈಟ್ರೊಸೊಮೊನಾಸ್ ಕೂಡ ಗ್ರಾಮ್ ನೆಗೆಟಿವ್. ಆ ಪುಡಿಗೆ ಇವರಿಬ್ಬರ ಮುಖಪರಿಚಯ ಇಲ್ಲ. ನೀರಿಗೆ ಹಾಕಿದ್ರೆ ಮೊದಲು ಹೋಗೋದು ನಿಮ್ಮ ಕೆಲಸದವರು, ಆಮೇಲೆ ಅಮೋನಿಯ ಏರಿ ಮೀನು. ಬರೀ ಎಲೆಗೆ ಹೊಡೀತೀನಿ ಅಂತೀರಾ? ಹೊಲದಲ್ಲಿ ಎಲೆಯಿಂದ ಜಾರಿದ್ದು ಮಣ್ಣಿಗೆ ಬೀಳತ್ತೆ. ಇಲ್ಲಿ ಎಲೆ ಕೆಳಗಿರೋದೇ ಮೀನಿಗೆ ವಾಪಸ್ ಹೋಗೋ ನೀರು. ಈ ಸಿಸ್ಟಮ್‌ಗೆ ಮೋರಿ ಇಲ್ಲ. ಅದನ್ನೇ ಅಲ್ವಾ ಹೆಗ್ಗಳಿಕೆ ಅಂತ ಮಾರಿದ್ದು, ಒಂದು ಹನಿಯೂ ಹೊರಗೆ ಹೋಗಲ್ಲ ಅಂತ? ಸರಿ, ಹಾಗಾದ್ರೆ ಒಳಗೆ ಹಾಕಿದ್ದೂ ಹೊರಗೆ ಹೋಗಲ್ಲ.

ತಾಮ್ರ ಹೊಡೀಬಹುದಲ್ಲ, ಅದು ಸಾವಯವದಲ್ಲೂ ನಡೆಯತ್ತೆ ಅಂತ ಒಬ್ಬರು ವಾದ ಮಾಡಿದರು. ಮಲೆನಾಡಿನ ಅಡಿಕೆ ಬೆಳೆಗಾರರನ್ನ ಕೇಳಿ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯೋ ಕಾಲಕ್ಕೆ ಅದನ್ನ ಮೀನಿರೋ ಕೆರೆಗೆ, ಹಳ್ಳಕ್ಕೆ ಚೆಲ್ಲಬಾರದು ಅಂತ ಅವರಿಗೆ ಗೊತ್ತು. ತಾಮ್ರ ಮೀನಿನ ಕಿವಿರಿಗೆ ಕೆಲಸ ಕೊಡತ್ತೆ, ನೀರು ಮೆದುವಾದಷ್ಟೂ ಹೆಚ್ಚು. ಹೊಲದ ಮದ್ದುಗಳ ಪೆಟ್ಟಿಗೆಯಲ್ಲಿ ಬ್ಯಾಕ್ಟೀರಿಯಕ್ಕೆ ಇದ್ದದ್ದೇ ಎರಡು, ತಾಮ್ರ ಮತ್ತು ಆಂಟಿಬಯೋಟಿಕ್. ಅಕ್ವಾಪೋನಿಕ್ಸ್‌ನಲ್ಲಿ ಎರಡೂ ಮುಟ್ಟೋ ಹಾಗಿಲ್ಲ. ಹಾಗಾಗಿ 'ರೋಗ ಇಲ್ಲ' ಅನ್ನೋ ಜಾಗಕ್ಕೆ ಬ್ರೋಷರ್‌ನಲ್ಲಿ ಇರಬೇಕಾದ ಮಾತು ಏನು ಗೊತ್ತಾ? 'ರೋಗ ಬಂದ್ರೆ ಮದ್ದಿಲ್ಲ.' ಅದಕ್ಕೆ ಟಿಕ್ ಮಾರ್ಕ್ ಹಾಕಿ ಮಾರಲಿ ನೋಡೋಣ.

ತಮಾಷೆ ಅಂದ್ರೆ ಪುಡಿ ಹೊಡೆದ್ರೂ ಬಂದ ಚುಕ್ಕೆ ಹೋಗಲ್ಲ. ಸತ್ತ ಎಲೆಭಾಗ ಸತ್ತಂತೆಯೇ. ಹೆಚ್ಚೆಂದ್ರೆ ಹೊಸ ಚುಕ್ಕೆ ಕಮ್ಮಿ ಆಗಬಹುದು, ಅದೂ ಬ್ಯಾಕ್ಟೀರಿಯ ಇನ್ನೂ ಪುಡಿಗೆ ಹೆದರೋದಾದ್ರೆ.

ಹೆದರದೆ ಇದ್ರೆ? ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದಿರೋ ಹಾಗೆ ಮಾಡೋ ಒಂದು ಜೀನ್ ಜೋಡಿ ಗಿಡದ ರೋಗಾಣುಗಳಲ್ಲೂ ಸಿಕ್ಕಿದೆ, ಮನುಷ್ಯರಿಗೆ ಕಾಯಿಲೆ ತರೋ ಬ್ಯಾಕ್ಟೀರಿಯಗಳಲ್ಲೂ ಸಿಕ್ಕಿದೆ. ಇಂಥ ಜೀನ್‌ಗಳನ್ನ ಬ್ಯಾಕ್ಟೀರಿಯಗಳು ಒಂದಕ್ಕೊಂದು ದಾಟಿಸ್ತವೆ, ನಾವು ಪೆನ್‌ಡ್ರೈವ್ ಕೊಟ್ಟ ಹಾಗೆ. ಈಗ ಒಂದು ಬೆಚ್ಚಗಿನ ಟ್ಯಾಂಕಿನಲ್ಲಿ ಮೀನಿನ ಹೊಟ್ಟೆಯ ಬ್ಯಾಕ್ಟೀರಿಯ, ಎಲೆಯ ಬ್ಯಾಕ್ಟೀರಿಯ, ನನ್ನ ಕೈಯ ಬ್ಯಾಕ್ಟೀರಿಯ ಎಲ್ಲ ಒಟ್ಟಿಗೆ ಸುತ್ತುತ್ತಾ ಇರುವಾಗ, ಮೇಲಿಂದ ಒಂಚೂರು ಆಂಟಿಬಯೋಟಿಕ್ ಚಿಮುಕಿಸೋದು ಅಂದ್ರೆ ಏನು ಬೆಳೆಸ್ತಾ ಇದ್ದೀವಿ ಅಂತ ಯೋಚಿಸಿ. ಕೊನೆಗೆ ಆ ಎಲೆ ಸಾಂಬಾರಿಗೆ ಹೋಗಿ ಕುದಿಯಲ್ಲ. ಲೆಟಿಸ್ ತಿನ್ನೋದು ಹಸಿ. ಎಲೆ ಚುಕ್ಕೆಯ ಬ್ಯಾಕ್ಟೀರಿಯದಿಂದ ಸಾಮಾನ್ಯವಾಗಿ ನಮಗೇನೂ ಆಗಲ್ಲ, ಅದು ಗಿಡದ ಕಾಯಿಲೆ. ಕೊಳೆತ ಭಾಗ ಕತ್ತರಿಸಿ, ತೊಳೆದು ತಿನ್ನಬಹುದು. ನಾವು ಹೆದರಬೇಕಾಗಿರೋದು ಮಳೆಗಾಲದಲ್ಲೂ ಒಂದೂ ಚುಕ್ಕೆ ಇಲ್ಲದ ಆ ಎಲೆಗೆ ಏನು ಹಾಕಿದ್ದಾರೆ ಅನ್ನೋದಕ್ಕೆ.

ಕಾನೂನು ಇಲ್ವಾ ಅಂದ್ರೆ, ಈ ಪುಡಿ ಭಾರತದಲ್ಲಿ ನೋಂದಣಿ ಆಗಿದ್ದೇ ಎಂಟು ಬೆಳೆಗೆ. ಭತ್ತ, ಟೊಮ್ಯಾಟೊ, ಆಲೂಗಡ್ಡೆ, ಸೇಬು ಹೀಗೆ. ಲೆಟಿಸ್ ಅದರಲ್ಲಿಲ್ಲ. ಮಾವನ ದಾಳಿಂಬೆಯೂ ಇರಲಿಲ್ಲ. 2019ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್‌ನವರು ಯಮುನೆಯ ದಡದಲ್ಲಿ, ಹರಿಯಾಣ, ಪಂಜಾಬಿನಲ್ಲಿ ಹೊಲ ಸುತ್ತಿ ನೋಡಿದಾಗ ಪಟ್ಟಿಯಲ್ಲಿಲ್ಲದ ಬೆಳೆಗೂ ಧಾರಾಳವಾಗಿ ಬಳಸ್ತಿದ್ದದ್ದು ಕಂಡಿತ್ತು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಒಂದು ಕರಡು ಆದೇಶ ಹೊರಡಿಸಿತು. 2022ರ ಫೆಬ್ರವರಿ 1ರಿಂದ ತಯಾರಿ, ಆಮದು ಬಂದ್, 2024ರ ಜನವರಿ 1ರಿಂದ ಬಳಕೆಯೇ ಬಂದ್ ಅಂತ ಅದರಲ್ಲಿತ್ತು. ಕರಡು ಹೊರಟಿದ್ದನ್ನ ನಾನು ಪೇಪರಿನಲ್ಲಿ ಓದಿದ್ದೆ ಕೂಡ. ಓದಿ, ಮರೆತು, ಅಂಗಡಿಗೆ ಹೋಗಿ ಪೊಟ್ಟಣ ತಂದಿದ್ದೆ.

ಇಷ್ಟು ಹೊತ್ತು ಮಾರೋರನ್ನ ಬೈದಿದ್ದಾಯ್ತು. ಕೊಳ್ಳೋರ ಕಡೆಗೂ ತಿರುಗಬೇಕು. ಹೊಸಕೋಟೆ ಆಚೆ ಅಕ್ವಾಪೋನಿಕ್ಸ್ ಮಾಡೋ ಒಬ್ಬ ಹೆಣ್ಣುಮಗಳ ಪರಿಚಯ ಆಯ್ತು. ಬ್ಯಾಂಕ್ ಕೆಲಸ ಬಿಟ್ಟು ಬಂದವರು. ಆಕೆ ಪುಡಿ ಮುಟ್ಟಲ್ಲ. ಚುಕ್ಕೆ ಕಂಡ ಗಿಡವನ್ನ ಕವರಿನಲ್ಲಿ ಮುಚ್ಚಿ ಕಿತ್ತು ಹೊರಗೆ ಹಾಕ್ತಾರೆ. ಆಗಸ್ಟಿನಲ್ಲಿ ಅರ್ಧಕ್ಕರ್ಧ ಹೊರಗೆ ಹೋಗತ್ತೆ. ಉಳಿದ ಅರ್ಧವನ್ನ ರೆಸ್ಟೋರೆಂಟಿಗೆ ಕಳಿಸಿದ್ರೆ ಮೂರು ಚುಕ್ಕೆ ಇದೆ ಅಂತ ಇಡೀ ಕ್ರೇಟ್ ವಾಪಸ್. "ಪಕ್ಕದವರದ್ದು ವರ್ಷಪೂರ್ತಿ ಹೊಳೀತಿರತ್ತಲ್ಲ ಮೇಡಂ, ನಿಮ್ದೇನು ಹೀಗೆ" ಅಂತ ಕೇಳ್ತಾರಂತೆ. ಪಕ್ಕದವರದ್ದು ಹೇಗೆ ಹೊಳೆಯತ್ತೆ ಅಂತ ಆಕೆಗೆ ಗೊತ್ತು, ಹೇಳೋ ಹಾಗಿಲ್ಲ. ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ.

ಅದನ್ನ ಕೇಳ್ತಾ ಕೂತಿದ್ದಾಗ ನನಗೆ ನನ್ನದೇ ಒಂದು ವಿಷಯ ನೆನಪಾಯ್ತು. ಸಿಸ್ಟಮ್ ಹಾಕಿಸೋಕೆ ಮುಂಚೆ ಹತ್ತು ನಿಮಿಷದ ಡೆಲಿವರಿ ಆ್ಯಪಿನಲ್ಲಿ ಲೆಟಿಸ್ ತರಿಸ್ತಿದ್ದೆ. ಒಂದು ಸಲ ಎರಡು ಎಲೆಯಲ್ಲಿ ಕಂದು ಚುಕ್ಕೆ ಇತ್ತು. ಫೋಟೋ ಹೊಡೆದು ಕಂಪ್ಲೇಂಟ್ ಮಾಡಿದೆ, ಒಂದು ನಿಮಿಷದಲ್ಲಿ ಪೂರ್ತಿ ದುಡ್ಡು ವಾಪಸ್ ಬಂತು. ಚುಕ್ಕೆ ಕತ್ತರಿಸಿ ಲೆಟಿಸ್ಸನ್ನೂ ತಿಂದೆ. ಆ ದುಡ್ಡು ಆ್ಯಪಿನವರ ಜೇಬಿನಿಂದ ಬಂತೋ, ಇಂಥ ಯಾರೋ ಬೆಳೆಗಾರರ ಜೇಬಿನಿಂದ ಬಂತೋ ಅಂತ ಆಗ ಯೋಚನೆಯೇ ಬರಲಿಲ್ಲ. ಚುಕ್ಕೆಗೆ ರಿಫಂಡ್ ಇದೆ, ಆಂಟಿಬಯೋಟಿಕ್‌ಗೆ ಇಲ್ಲ, ಯಾಕಂದ್ರೆ ಅದು ಫೋಟೋದಲ್ಲಿ ಬೀಳಲ್ಲ. ಬೆಳೆಗಾರ ಯಾವ ಕಡೆ ಹೋಗ್ತಾನೆ ಅನ್ನೋಕೆ ಎಂಬಿಎ ಬೇಕಾ?

ಹಾಗಂತ ಅಕ್ವಾಪೋನಿಕ್ಸ್ ಮೋಸ ಅಂತ ನಾನು ಹೇಳ್ತಿಲ್ಲ. ನೀರು ಉಳಿಯತ್ತೆ, ತಾರಸಿಯಲ್ಲಿ ಜೀವ ಇರತ್ತೆ, ಸಂಜೆ ಮೀನಿಗೆ ಮೇವು ಹಾಕೋ ಐದು ನಿಮಿಷಕ್ಕೆ ಲಕ್ಷ ಕೊಡಬಹುದು. ರೋಗ ಸಂಭಾಳಿಸೋದೂ ಅಸಾಧ್ಯವೇನಲ್ಲ, ಆದ್ರೆ ಎಲ್ಲ ಬಂದ ಮೇಲೆ ಮಾಡೋ ಕೆಲಸ ಅಲ್ಲ, ಬರೋಕೆ ಮುಂಚಿನ ಬೋರಿಂಗ್ ಕೆಲಸ. ಕೋಸಿನ ಜಾತಿಯ ಬೀಜ ಆದ್ರೆ 50 ಡಿಗ್ರಿ ಬಿಸಿನೀರಲ್ಲಿ ಅದ್ದೋದು, ಎಲೆಕೋಸಿಗೆ 25 ನಿಮಿಷ, ಕೇಲ್‌ಗೆ 20. ಥರ್ಮಾಮೀಟರ್ ಇಟ್ಕೊಂಡೇ ಮಾಡಬೇಕು, ಡಿಗ್ರಿ ಏರಿದ್ರೆ ಬೀಜ ಬೇಯತ್ತೆ. ಗಿಡದ ಮಧ್ಯೆ ಜಾಗ ಬಿಡೋದು, ಫ್ಯಾನ್ ಹಾಕೋದು, ಮೇಲಿಂದ ನೀರು ಬೀಳದ ಹಾಗೆ ಮುಚ್ಚೋದು, ಎಲೆ ಒದ್ದೆ ಇರುವಾಗ ಕೈ ಹಾಕದೇ ಇರೋದು, ಕತ್ತರಿ ಒರೆಸೋದು, ಹಲಗೆಗಳನ್ನ ಆಗಾಗ ಹೊರಗೆ ತೆಗೆದು ತೊಳೆದು ಬಿಸಿಲಿಗೆ ಒಣಗಿಸೋದು. ಕೃಷಿ ಅಂಗಡಿಯಲ್ಲಿ ಸೂಡೊಮೊನಾಸ್ ಫ್ಲೋರೆಸೆನ್ಸ್ ಅಂತ ಸಿಗತ್ತೆ, ಅದು ನಮ್ಮ ಬೇಸಿಲ್ ಕೊಳೆಸಿದವನ ದಾಯಾದಿ, ಆದ್ರೆ ಒಳ್ಳೆಯವನು. ಮುಂಚೆ ಹಾಕಿದ್ರೆ ಸ್ವಲ್ಪ ಸಹಾಯ ಆಗಬಹುದು, ರೋಗ ಬಂದಮೇಲೆ ಪವಾಡ ಮಾಡಲ್ಲ. ಇದ್ಯಾವುದೂ ಇನ್‌ಸ್ಟಾ ರೀಲಿಗೆ ಬರೋ ವಸ್ತು ಅಲ್ಲ. ಇದನ್ನ ಡೆಮೊ ದಿನವೇ ಹೇಳಿದ್ರೆ ನಾನು ಕೊಳ್ತಿದ್ದೆನೋ ಇಲ್ಲವೋ, ಕೊಂಡಿದ್ರೆ ಕಣ್ಣು ಬಿಟ್ಟುಕೊಂಡು ಕೊಳ್ತಿದ್ದೆ.

ಕಂಪನಿಯವರಿಗೆ ಇಷ್ಟನ್ನೂ ಬರೆದು ಕಳಿಸಿದೆ. ಬ್ರೋಷರ್‌ನಿಂದ 'ರೋಗ ಇಲ್ಲ' ತೆಗೀರಿ ಅಂದೆ. "ಸರ್, ನೆಗೆಟಿವಿಟಿ ಬೇಡ, ಕಮ್ಯುನಿಟಿ ಬೆಳೀಬೇಕು" ಅಂತ ಉತ್ತರ ಬಂತು. ಅವರ ಹೊಸ ಬ್ರೋಷರ್ ಮೊನ್ನೆ ನೋಡಿದೆ. ಈಗ ಟಿಕ್ ಮಾರ್ಕ್ ಹಳೇದಕ್ಕಿಂತ ದೊಡ್ಡದಾಗಿದೆ. ನೀವು ಇಂಥ ಸೊಪ್ಪು ಕೊಳ್ಳೋರಾದ್ರೆ ಒಂದು ಪ್ರಶ್ನೆ ಕೇಳಿ: "ಆಗಸ್ಟಲ್ಲಿ ಚುಕ್ಕೆ ಬಂದ್ರೆ ಏನ್ ಮಾಡ್ತೀರಿ?" ಕಿತ್ತು ಬಿಸಾಕ್ತೀವಿ, ಆ ತಿಂಗಳು ಕಮ್ಮಿ ಕೊಡ್ತೀವಿ, ರೇಟ್ ಜಾಸ್ತಿ ಅಂದ್ರೆ ಅವರ ಹತ್ರ ತಗೊಳ್ಳಿ, ಎರಡು ಚುಕ್ಕೆ ಇದ್ರೂ ತಗೊಳ್ಳಿ. ನಮ್ಮಲ್ಲಿ ಚುಕ್ಕೆಯೇ ಬರಲ್ಲ ಅಂದ್ರೆ, ಹೇಗೆ ಬರಲ್ಲ ಅಂತ ತೋರಿಸೋಕೆ ಹೇಳಿ. ಫ್ಯಾನು, ಬೀಜದ ಬಿಸಿನೀರು, ಖಾಲಿ ಬಿಟ್ಟ ಹಲಗೆ ತೋರಿಸಿದ್ರೆ ಸರಿ. ಮಾತು ತೇಲಿಸಿದ್ರೆ ನಿಮಗೇ ಗೊತ್ತಾಗತ್ತೆ.

ನಾನು ಎಲ್ಲ ಗಿಡ ಕಿತ್ತೆ. ಗಿಡ ಇಲ್ಲದೆ ನೀರಲ್ಲಿ ನೈಟ್ರೇಟ್ ಏರತ್ತೆ ಅಂತ ಮೀನಿಗೆ ಮೇವು ಕಮ್ಮಿ ಮಾಡಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದೆ. ಮೂರು ವಾರ ಹಲಗೆ ಖಾಲಿ ಬಿಟ್ಟು, ಆಮೇಲೆ ಹೊಸ ಬೀಜ ಹಾಕಿದೆ. ಜಿಲೇಬಿಗಳು ನಲವತ್ತೂ ಆರಾಮಾಗಿವೆ.

ಪೊಟ್ಟಣ ಇನ್ನೂ ಇದೆ. ಒಡೆದಿಲ್ಲ. ಕಸಕ್ಕೆ ಹಾಕೋಣ ಅಂದ್ರೆ "ಮೋರಿಗೂ ಹಾಕ್ಬ್ಯಾಡ, ತಿಪ್ಪೆಗೂ ಹಾಕ್ಬ್ಯಾಡ" ಅಂದರು ಮಾವ. ಅಂಗಡಿಗೆ ತಗೊಂಡು ಹೋಗಿ ವಾಪಸ್ ತಗೊಳ್ಳಿ, ದುಡ್ಡು ಬೇಡ ಅಂದೆ. ಅಂಗಡಿಯವನು ಮುಖ ನೋಡಿ ನಕ್ಕು, "ಇಟ್ಕೊಳ್ಳಿ ಸಾರ್, ಮುಂದಿನ ಮಳೆಗಾಲಕ್ಕೆ ಆಗತ್ತೆ" ಅಂದ. ಈಗ ಅದು ಟೂಲ್ ಬಾಕ್ಸಿನಲ್ಲಿ, ಎರಡು ಕವರಿನಲ್ಲಿ ಸುತ್ತಿ, ಸ್ಕ್ರೂಡ್ರೈವರ್‌ಗಳ ಕೆಳಗಿದೆ.